ಫೈರ್ ಎಂಬ್ಲೆಮ್ ಸರಣಿ: ಯಾರನ್ನೂ ಕಳೆದುಕೊಳ್ಳದೆ ಆಡಲು ಯತ್ನಿಸಿದ ಇಪ್ಪತ್ತು ವರ್ಷ

ಫೈರ್ ಎಂಬ್ಲೆಮ್ ಎಂಬ ವಿಡಿಯೊ ಆಟಗಳ ಬಗ್ಗೆ ಯಾರಾದರೂ ವಿಚಾರಿಸಿದರೆ ನಾನು ಮೊದಲು ಹೇಳುವುದು ಒಂದೇ ವಿಷಯ: ಈ ಆಟಗಳಲ್ಲಿ ನಮ್ಮ ಕಡೆಯವರು ಸತ್ತರೆ ಸತ್ತಂತೆಯೇ, ಆಟ ಮುಗಿಯುವ ತನಕ ಅವರು ಮರಳಿ ಬರುವುದಿಲ್ಲ. ಚದುರಂಗದಲ್ಲಿ ಹೋದ ಕುದುರೆ ಮರುದಿನದ ಆಟಕ್ಕೆ ಮತ್ತೆ ಮಣೆಯ ಮೇಲೆ ನಿಲ್ಲುತ್ತದೆ, ಅದಕ್ಕಾಗಿ ಯಾರೂ ಮರುಗುವುದಿಲ್ಲ. ಇಲ್ಲಿ ಪ್ರತಿಯೊಂದು ಕಾಯಿಗೂ ಒಂದು ಹೆಸರು, ಒಂದು ಮುಖ, ತನ್ನದೇ ಆದ ಮಾತಿನ ಧಾಟಿ ಇದೆ. ಒಬ್ಬನಿಗೆ ಎಲ್ಲರ ಊಟದ ಚಿಂತೆ, ಇನ್ನೊಬ್ಬಳಿಗೆ ಗಂಡಸರೆಂದರೆ ಭಯ, ಮತ್ತೊಬ್ಬನಿಗೆ ಹೆಂಡತಿಯ ಕಾಲಿನ ಚಿಕಿತ್ಸೆಗೆ ಹಣ ಹೊಂದಿಸುವ ಕಷ್ಟ. ಅಂಥವರಲ್ಲಿ ಯಾರನ್ನು ಮುಂದಕ್ಕೆ ಕಳುಹಿಸಬೇಕು, ಯಾರನ್ನು ಯಾರ ಬೆನ್ನ ಹಿಂದೆ ಇರಿಸಬೇಕು ಎಂದು ನಿರ್ಧರಿಸುವ ಹೊಣೆಯನ್ನು ಆಟ ನಮಗೆ ವಹಿಸುತ್ತದೆ. ಈ ಸರಣಿಯ ಮೇಲೆ ನನಗಿರುವ ಪ್ರೀತಿಯೂ ತಕರಾರೂ ಹುಟ್ಟುವುದು ಈ ಒಂದು ಜಾಗದಲ್ಲಿಯೇ.

ಸರಣಿಯ ಮೊದಲ ಆಟ 1990ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ, ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರಕ್ಕಾಗಿ ಬಂತು. ಮಾಡಿದವರು ಇಂಟೆಲಿಜೆಂಟ್ ಸಿಸ್ಟಮ್ಸ್ ಸಂಸ್ಥೆಯವರು. ಅದರ ಮೂಲ ಕಲ್ಪನೆ ಶೋಜೋ ಕಾಗಾ ಅವರದು. ಹದಿಮೂರು ವರ್ಷ ಈ ಆಟಗಳು ಜಪಾನನ್ನು ಬಿಟ್ಟು ಹೊರಗೆ ಬರಲೇ ಇಲ್ಲ. 2003ರಲ್ಲಿ ಏಳನೆಯ ಆಟವು ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಬಂದಾಗ ಅದಕ್ಕೆ ಬೇರೆ ಹೆಸರನ್ನೂ ಕೊಡದೆ ಬರೀ ‘ಫೈರ್ ಎಂಬ್ಲೆಮ್’ ಎಂದು ಕರೆದರು. ಅಭಿಮಾನಿಗಳು ಈಗ ಅದನ್ನು ‘ದಿ ಬ್ಲೇಜಿಂಗ್ ಬ್ಲೇಡ್’ ಎನ್ನುತ್ತಾರೆ. ನನ್ನ ಕೈಗೆ ಮೊದಲು ಬಂದದ್ದು ಅದೇ.

2005ರ ಬೇಸಿಗೆಯಲ್ಲಿ ಚಿಕ್ಕಪ್ಪ ಪರದೇಶದಿಂದ ಬರುವಾಗ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಯಂತ್ರವನ್ನೂ ಈ ಒಂದು ಆಟವನ್ನೂ ತಂದುಕೊಟ್ಟರು. ನಮ್ಮದು ಶಿರಸಿಯ ಸೀಮೆಯಲ್ಲಿ ತೋಟದ ಅಂಚಿನ ಮನೆ. ಆಷಾಢದ ಮಳೆ ಹಿಡಿದರೆ ಕರೆಂಟು ಹೋದದ್ದು ಬರಲಿಕ್ಕೆ ಎರಡು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಪರದೆಯ ಬೆಳಕು ಹಚ್ಚಿಕೊಂಡು ಆಡಿದರೆ ಆ ಯಂತ್ರ ಒಂದು ಚಾರ್ಜಿಗೆ ಸುಮಾರು 10 ಗಂಟೆ ನಡೆಯುತ್ತಿತ್ತು. ಆ 10 ಗಂಟೆಗಳನ್ನು ನಾನೂ ತಂಗಿಯೂ ಅಳೆದು ಅಳೆದು ಖರ್ಚುಮಾಡುತ್ತಿದ್ದೆವು. ಅವಳಿಗೆ ಆಗ ಹತ್ತು ವರ್ಷ, ಇಂಗ್ಲಿಷ್ ಓದಲು ಸರಿಯಾಗಿ ಬರುತ್ತಿರಲಿಲ್ಲ. ಪಾತ್ರಗಳ ಮಾತನ್ನೆಲ್ಲ ನಾನು ಕನ್ನಡದಲ್ಲಿ ಹೇಳಬೇಕು, ಅವಳು ಕೇಳಬೇಕು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಅವಳ ಸಲಹೆಗೂ ಸಮಪಾಲು. ಆಟವನ್ನು ಹೀಗೆ ಇಬ್ಬರು ಕೂತು ಆಡಿದ್ದರಿಂದಲೇ ಅದರ ಜನ ನನಗೆ ಅಷ್ಟು ಹತ್ತಿರವಾದರೆಂದು ನಾನು ನಂಬಿದ್ದೇನೆ.

ಆಟದ ಲೆಕ್ಕ ಮೇಲ್ನೋಟಕ್ಕೆ ಸರಳವಾಗಿದೆ. ಚದುರಂಗದ ಮಣೆಯಂತೆ ಮನೆಮನೆಯಾಗಿ ಹೋಳಾದ ನಕ್ಷೆಯ ಮೇಲೆ ನಾವೂ ಶತ್ರುವೂ ಸರದಿಯಂತೆ ನಡೆಸುತ್ತೇವೆ. ಖಡ್ಗ ಕೊಡಲಿಯನ್ನು ಗೆಲ್ಲುತ್ತದೆ, ಕೊಡಲಿ ಈಟಿಯನ್ನು, ಈಟಿ ಖಡ್ಗವನ್ನು. ಬ್ಲೇಜಿಂಗ್ ಬ್ಲೇಡ್‌ನಲ್ಲಿ ಸರಿಯಾದ ಆಯುಧ ಹಿಡಿದವನ ಹೊಡೆತ ತಗಲುವ ಸಾಧ್ಯತೆ ನೂರಕ್ಕೆ 15ರಷ್ಟು ಹೆಚ್ಚುತ್ತದೆ, ಎದುರಾಳಿಯದು ಅಷ್ಟೇ ಇಳಿಯುತ್ತದೆ. ನಕ್ಷೆಯಲ್ಲಿ ಕಾಡಿರುವ ಮನೆಯಲ್ಲಿ ನಿಂತವನನ್ನು ಹೊಡೆಯುವುದು ಬಯಲಿನಲ್ಲಿ ನಿಂತವನನ್ನು ಹೊಡೆಯುವುದಕ್ಕಿಂತ 20ರಷ್ಟು ಕಷ್ಟ. ವೇಗದಲ್ಲಿ ಎದುರಾಳಿಗಿಂತ 4 ಅಂಕ ಮುಂದಿರುವವನು ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯುತ್ತಾನೆ. ಆದರೆ ಮೈಕಟ್ಟಿಗೆ ಮೀರಿದ ಭಾರದ ಆಯುಧವನ್ನು ಅವನ ಕೈಗೆ ಕೊಟ್ಟರೆ ಆ ವೇಗವೂ ಹೋಗುತ್ತದೆ. ಕಬ್ಬಿಣದ ಖಡ್ಗ 46 ಹೊಡೆತಕ್ಕೆ ಮುರಿಯುತ್ತದೆ. ಹೀಗಾಗಿ ಪ್ರತಿ ಹೆಜ್ಜೆಯೂ ಒಂದು ಸಣ್ಣ ಲೆಕ್ಕಾಚಾರ, ಪ್ರತಿ ಲೆಕ್ಕಾಚಾರದ ತುದಿಯಲ್ಲಿ ಒಬ್ಬರ ಜೀವ.

ಸೆರಾ ಎಂಬವಳನ್ನು ನಾವು ಕಳೆದುಕೊಂಡದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಈ ಸರಣಿ ಏನೆಂದು ನನಗೆ ಅರ್ಥವಾದದ್ದು ಆ ಮಧ್ಯಾಹ್ನ. ಸೆರಾ ಗಾಯ ವಾಸಿಮಾಡುವ ಸನ್ಯಾಸಿನಿ. ಆರಂಭದಲ್ಲಿ ಅವಳ ಕೈಯಲ್ಲಿ ಯಾವ ಆಯುಧವೂ ಇರುವುದಿಲ್ಲ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ. ತನ್ನ ಮನೆತನ, ತನ್ನ ಚೆಲುವು ಎಂದು ಕೊಚ್ಚಿಕೊಳ್ಳುವ ಅವಳನ್ನು ತಂಗಿ ‘ಬಾಯಿಬಡಕಿ’ ಎಂದು ಕರೆದು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದಳು. ಅಧ್ಯಾಯ ಮುಗಿಯಲು ಮೂರು ನಾಲ್ಕು ಸರದಿ ಉಳಿದಿತ್ತು. ಲೋವೆನ್ ಎಂಬ ಸವಾರ ಸೆರಾಳ ಪಕ್ಕದಲ್ಲೇ ಇದ್ದ. ಅವಳನ್ನು ಕುದುರೆಯ ಮೇಲೆ ಎತ್ತಿಕೊಂಡು ಶತ್ರುವಿನ ಕೈಗೆ ಸಿಗದಷ್ಟು ದೂರ ಒಯ್ಯುವ ಸೌಲಭ್ಯ ಈ ಆಟದಲ್ಲಿದೆ. ಆದರೆ ಮೂಲೆಯಲ್ಲಿ ಒಂದು ಹಳ್ಳಿ ಉಳಿದಿತ್ತು, ಅಲ್ಲಿಗೆ ಹೋದರೆ ಏನಾದರೂ ಸಿಗುತ್ತದೆಂಬ ಆಸೆಗೆ ನಾನು ಲೋವೆನ್‌ನನ್ನು ಅತ್ತ ಕಳಿಸಿದೆ. ಈಟಿ ಹಿಡಿದ ಒಬ್ಬ ಸಾಧಾರಣ ಸೈನಿಕ ಸೆರಾಳ ಬಳಿಗೆ ನಡೆದುಬಂದ. ಪರದೆಯ ಮೇಲೆ ಅವನ ಹೊಡೆತ ತಗಲುವ ಸಾಧ್ಯತೆ 30 ಎಂದು ಕಾಣಿಸಿತು. ತಗಲಿತು. ಅವಳು ಕೊನೆಯ ಮಾತೊಂದನ್ನು ಆಡಿದಳು, ಚಿತ್ರ ಮಸುಕಾಯಿತು, ಸೈನ್ಯದ ಪಟ್ಟಿಯಲ್ಲಿ ಅವಳ ಹೆಸರು ಇಲ್ಲವಾಯಿತು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿತ್ತು. ತಂಗಿ ಬಹಳ ಹೊತ್ತು ಮಾತಾಡಲಿಲ್ಲ; ಆಮೇಲೆ, “ಅಣ್ಣ, ಅವಳನ್ನು ಬಿಟ್ಟು ಮುಂದೆ ಹೋಗುವುದು ಬೇಡ” ಎಂದಳು. ಎರಡು ಗಂಟೆಯ ಆಟವನ್ನು ಅಳಿಸಿ ಮೊದಲಿನಿಂದ ಶುರುಮಾಡಿದೆವು. ಆ ಎರಡು ಗಂಟೆಯ ಬ್ಯಾಟರಿ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಆ 30ರ ಹಿಂದಿರುವ ಗುಟ್ಟು ನನಗೆ ತಿಳಿದದ್ದು ವರ್ಷಗಳ ನಂತರ. 2002ರ ‘ಬೈಂಡಿಂಗ್ ಬ್ಲೇಡ್’ನಿಂದ ಈ ಆಟಗಳು ಹೊಡೆತ ತಗಲಿತೋ ಇಲ್ಲವೋ ಎಂದು ತೀರ್ಮಾನಿಸಲು ಒಂದರ ಬದಲು ಎರಡು ಸಂಖ್ಯೆಗಳನ್ನು ಎತ್ತಿ ಅವುಗಳ ಸರಾಸರಿಯನ್ನು ನೋಡುತ್ತಿದ್ದವು. ಅದರಿಂದಾಗಿ 90 ಎಂದು ತೋರಿಸಿದ ಸಾಧ್ಯತೆ ನಿಜವಾಗಿ 98ರಷ್ಟಿರುತ್ತದೆ, 70 ಎಂದದ್ದು 82ರಷ್ಟು, 30 ಎಂದದ್ದು 18ರಷ್ಟು ಮಾತ್ರ. ನೂರರಲ್ಲಿ ಹತ್ತು ಸಲ ತಪ್ಪುವುದನ್ನು ನಮ್ಮ ಮನಸ್ಸು ನ್ಯಾಯವೆಂದು ಒಪ್ಪುವುದಿಲ್ಲ ಎಂಬುದನ್ನು ಬಲ್ಲವರು ಮಾಡಿದ ಏರ್ಪಾಡಿದು. ನಮ್ಮ ಕಡೆಯವರು ಹೆಚ್ಚಾಗಿ ಎತ್ತರದ ಅಂಕಿಯಲ್ಲಿಯೂ ಶತ್ರುಗಳು ಕೆಳಗಿನ ಅಂಕಿಯಲ್ಲಿಯೂ ಹೊಡೆಯುವುದರಿಂದ ಲಾಭವೆಲ್ಲ ನಮಗೇ. ಇದನ್ನು ಮೋಸ ಎನ್ನುವ ಅಭಿಮಾನಿಗಳಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಲೆಕ್ಕ ಹಾಕಿ ಹೆಜ್ಜೆಯಿಟ್ಟವನ ಕೈಬಿಡಬಾರದೆಂಬ ಕಾಳಜಿ ಅದರಲ್ಲಿದೆ. ಆದರೆ ಮೂರು ಪಟ್ಟು ಪೆಟ್ಟು ಕೊಡುವ ಕ್ರಿಟಿಕಲ್ ಹೊಡೆತಕ್ಕೆ ಈ ಸರಾಸರಿಯ ರಕ್ಷಣೆ ಇಲ್ಲ. 2 ಎಂದು ತೋರಿಸಿದರೆ ನಿಜಕ್ಕೂ ನೂರಕ್ಕೆ ಎರಡೇ, ಮತ್ತು ಆ ಎರಡು ಬಂದಾಗ ನಾವು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಈ ಆಟಗಳಲ್ಲಿ ನಾನು ಬಹಳ ಮೆಚ್ಚುವ ಇನ್ನೊಂದು ಸಂಗತಿಯೆಂದರೆ ಹಳಬ ಮತ್ತು ಹೊಸಬರ ನಡುವಿನ ತೂಗಾಟ. ಬ್ಲೇಜಿಂಗ್ ಬ್ಲೇಡ್‌ನ ಮಾರ್ಕಸ್ ಮೊದಲಿನಿಂದಲೇ ಪಳಗಿದ ಯೋಧ. ಯಾರನ್ನಾದರೂ ಒಂದೇ ಸರದಿಯಲ್ಲಿ ಮುಗಿಸಬಲ್ಲ. ಆದರೆ ಅವನೇ ಎಲ್ಲವನ್ನೂ ಮಾಡಿದರೆ ಕಲಿಯಬೇಕಾದವರು ಕಲಿಯುವುದಿಲ್ಲ. ನಮ್ಮ ತೋಟದಲ್ಲಿ ಮಳೆಗಾಲದ ಕೊಳೆಮದ್ದು ಹೊಡೆಯಲು ಬರುವ ಹಿರಿಯ ಕೊನೆಗೌಡ ತನ್ನ ಮಗನನ್ನು ಮೊದಮೊದಲು ಗಿಡ್ಡ ಮರಗಳಿಗಷ್ಟೇ ಹತ್ತಿಸಿ, ತಾನು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದುದನ್ನು ಕಂಡವನು ನಾನು. ಮಾರ್ಕಸ್‌ನ ಕೈಗೆ ಹಗುರವಾದ ಆಯುಧ ಕೊಟ್ಟು, ಅವನು ಅರ್ಧ ಬಡಿದ ಶತ್ರುವನ್ನು ಎಳೆಯರಿಗೆ ಬಿಡುವಾಗ ನನಗೆ ನೆನಪಾಗುವುದು ಆ ಕತ್ತೆತ್ತಿದ ಮುಖ. ಕಥೆಯ ಕೊನೆಯ ಭಾಗದಲ್ಲಿ 5ನೇ ಲೆವೆಲ್ಲಿನಲ್ಲಿ ಬಂದು ಸೇರುವ ನಿನೋ ಎಂಬ ಹುಡುಗಿಯನ್ನು ಅಷ್ಟು ಬಲಶಾಲಿ ಶತ್ರುಗಳ ನಡುವೆ ಬೆಳೆಸಿ ನಿಲ್ಲಿಸುವುದು ಶ್ರಮದ ಕೆಲಸ, ಆದರೆ ಈ ಸರಣಿಯಲ್ಲಿ ಅದಕ್ಕಿಂತ ಸಂತೋಷ ಕೊಟ್ಟ ಕೆಲಸ ನನಗೆ ಮತ್ತೊಂದಿಲ್ಲ.

ಇನ್ನು ತಕರಾರುಗಳು. 2012ರಲ್ಲಿ ಜಪಾನಿನಲ್ಲೂ ಮರುವರ್ಷ ಉಳಿದೆಡೆಯೂ ಬಂದ ‘ಅವೇಕನಿಂಗ್’ ಸರಣಿಯನ್ನು ಉಳಿಸಿದ ಆಟ. ಅದು ಮಾರಾಟವಾಗದಿದ್ದರೆ ಸರಣಿ ಅಲ್ಲಿಗೆ ನಿಲ್ಲುತ್ತಿತ್ತೆಂದು ಮಾಡಿದವರೇ ಹೇಳಿಕೊಂಡಿದ್ದಾರೆ. ಆ ಋಣ ನನಗೆ ನೆನಪಿದೆ. ಆದರೂ ಅದರ ಕಠಿಣ ಹಂತಗಳಲ್ಲಿ ಶತ್ರುಗಳ ಹೊಸ ಪಡೆ ನಕ್ಷೆಯ ಅಂಚಿನಲ್ಲಿ ಕಾಣಿಸಿಕೊಂಡ ಸರದಿಯಲ್ಲೇ ಮೇಲೆ ಬಿದ್ದು ಹೊಡೆಯುತ್ತದೆ. ಇದನ್ನು ನಾನು ಯಾವತ್ತೂ ಒಪ್ಪಲಾರೆ. ಸೆರಾಳ ಸಾವಿನಲ್ಲಿ ನನ್ನ ಆಸೆಯ ಪಾಲಿತ್ತು, ಅದಕ್ಕಾಗಿಯೇ ಅದು ನೋಯಿಸಿತು. ನಕ್ಷೆಯ ಖಾಲಿ ಮನೆಯಲ್ಲಿ ಹಠಾತ್ತಾಗಿ ಹುಟ್ಟಿಕೊಂಡ ಸವಾರನೊಬ್ಬ ಹಿಂದಿನ ಸಾಲಿನ ಮಾಂತ್ರಿಕನನ್ನು ಕೊಂದರೆ ಅದರಲ್ಲಿ ನನ್ನ ತಪ್ಪೇನೂ ಇಲ್ಲ, ಕಲಿಯಲು ಪಾಠವೂ ಇಲ್ಲ. ಅದೇ ಅಧ್ಯಾಯವನ್ನು ಬಾಯಿಪಾಠ ಮಾಡಿ ಮತ್ತೆ ಆಡುವುದಷ್ಟೇ ಉಳಿಯುವ ದಾರಿ.

‘ಫೇಟ್ಸ್’ (2015) ಇನ್ನೊಂದು ಬಗೆಯ ಬೇಸರ. ಒಂದು ಕಥೆಯನ್ನು ಮೂರು ಹೋಳು ಮಾಡಿ ‘ಬರ್ತ್‌ರೈಟ್’, ‘ಕಾಂಕ್ವೆಸ್ಟ್’, ‘ರೆವೆಲೇಶನ್’ ಎಂದು ಬೇರೆ ಬೇರೆಯಾಗಿ ಮಾರಿದರು. ಮೂರನೆಯದನ್ನು ಇಂಟರ್ನೆಟ್ಟಿನ ಮೂಲಕ ಇಳಿಸಿಕೊಳ್ಳಬೇಕಿತ್ತು. 2023ರ ಮಾರ್ಚ್‌ನಲ್ಲಿ ಅದು ನಡೆಯುವ ನಿಂಟೆಂಡೊ 3ಡಿಎಸ್ ಯಂತ್ರದ ಆನ್‌ಲೈನ್ ಅಂಗಡಿಯೇ ಮುಚ್ಚಿದ್ದರಿಂದ ಈಗ ಹೊಸಬರು ಅದನ್ನು ಹಾಗೆ ಕೊಳ್ಳುವ ದಾರಿ ಉಳಿದಿಲ್ಲ. ಕಥೆಯೂ ತೆಳು. ಆದರೆ ಕಾಂಕ್ವೆಸ್ಟ್‌ನ ನಕ್ಷೆಗಳು ಸರಣಿಯಲ್ಲೇ ಅತ್ಯುತ್ತಮವೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಅದರ 10ನೇ ಅಧ್ಯಾಯದಲ್ಲಿ ದಿಯಾ ಎಂಬ ಬಂದರನ್ನು ಕಾಯಬೇಕು. ಕಾಲುವೆಗಳ ನೀರು ನಮ್ಮನ್ನು ಸುತ್ತುವರಿದು ರಕ್ಷಿಸುತ್ತಿರುತ್ತದೆ, ನಾವು ಸೇತುವೆಯಂಥ ಕಿರಿದಾದ ಜಾಗಗಳಲ್ಲಿ ನಿಂತು ತಡೆಯುತ್ತಿರುತ್ತೇವೆ. ಅರ್ಧ ದಾರಿಯಲ್ಲಿ ಎದುರಾಳಿ ರಾಜಕುಮಾರ ತಾಕುಮಿ ಆ ನೀರನ್ನೆಲ್ಲ ಬತ್ತಿಸಿಬಿಡುತ್ತಾನೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ, ಸ್ವಲ್ಪ ಮೊದಲು ದೋಣಿ ತೇಲಿದ್ದ ಜಾಗದಲ್ಲಿ ಜನ ಬಳಚು ಆರಿಸುತ್ತ ನಡೆದಾಡುವುದನ್ನು ನೋಡಿದವರಿಗೆ ಆ ಕ್ಷಣದ ಎದೆಬಡಿತ ಚೆನ್ನಾಗಿ ತಿಳಿಯುತ್ತದೆ. ನೀರಿದ್ದಲ್ಲೆಲ್ಲ ಈಗ ನೆಲ, ನೆಲವಿದ್ದಲ್ಲೆಲ್ಲ ಶತ್ರು. ಇಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ, ಬತ್ತಿಸಬಲ್ಲವನು ನಕ್ಷೆಯ ಮೇಲೆಯೇ ನಿಂತಿರುತ್ತಾನೆ; ಆದ್ದರಿಂದ ಸೋತರೆ ಆ ಸೋಲು ನಮ್ಮದೇ.

2023ರ ಜನವರಿಯಲ್ಲಿ ಬಂದ ‘ಎಂಗೇಜ್’ ಬಗ್ಗೆಯೂ ಹೆಚ್ಚುಕಡಿಮೆ ಇದೇ ಮಾತು. ಹೋರಾಟ ಸೊಗಸಾಗಿದೆ: ಖಡ್ಗದವನು ಕೊಡಲಿಯವನನ್ನು ಹೊಡೆದರೆ ಕೊಡಲಿ ಕೈಜಾರುತ್ತದೆ, ಅವನು ತಿರುಗಿ ಹೊಡೆಯಲಾರ. ಹಳೆಯ ಆಟಗಳ ನಾಯಕರು ಉಂಗುರಗಳ ರೂಪದಲ್ಲಿ ಬಂದು ನಮ್ಮವರಿಗೆ ಮೂರು ಸರದಿಯ ಮಟ್ಟಿಗೆ ಬಲ ತುಂಬುತ್ತಾರೆ. ಆದರೆ ಜನರಿಲ್ಲ, ಹೆಸರುಗಳಿವೆ, ಬಣ್ಣಬಣ್ಣದ ಉಡುಪುಗಳಿವೆ, ನೆನಪಿನಲ್ಲಿ ಉಳಿಯುವ ಮಾತು ಕಡಿಮೆ. ಆರಂಭದಲ್ಲೇ ನಾಯಕನ ತಾಯಿ ತೀರಿಕೊಂಡಾಗ ಆಟ ನಮ್ಮಿಂದ ಕಣ್ಣೀರು ಬಯಸುತ್ತದೆ, ಆದರೆ ಆ ತಾಯಿಯೊಡನೆ ನಮಗೆ ಪರಿಚಯವೇ ಆಗಿರುವುದಿಲ್ಲ. ಆ ಆಟದಲ್ಲಿ ನನ್ನ ಮೈ ಬಿಗಿಯಾದದ್ದು 11ನೇ ಅಧ್ಯಾಯದಲ್ಲಿ. ಕೂಡಿಸಿಟ್ಟ ಉಂಗುರಗಳೆಲ್ಲ ಶತ್ರುವಿನ ಪಾಲಾಗಿ, ತಪ್ಪಿದ ಹೆಜ್ಜೆಯನ್ನು ಹಿಂದೆ ತೆಗೆದುಕೊಳ್ಳಲು ಇದ್ದ ಕಾಲದ ಸ್ಫಟಿಕವೂ ಕೈಬಿಟ್ಟು, ಓಡಿ ಪಾರಾಗಬೇಕಾದ ಅಧ್ಯಾಯವದು. ಹತ್ತು ಅಧ್ಯಾಯಗಳಿಂದ ಅಭ್ಯಾಸವಾಗಿದ್ದ ಊರುಗೋಲು ಇಲ್ಲದೆ ನಿಂತಾಗ 2005ರ ಆ ಹಳೆಯ ಹೆದರಿಕೆ ಹಾಗೆಯೇ ಮರಳಿ ಬಂತು.

ಕೊಳ್ಳುವವರಿಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳುತ್ತೇನೆ. ಎಂಗೇಜ್ ಆಡಲು ಬೇಕಾದ ನಿಂಟೆಂಡೊದ ಸ್ವಿಚ್ ಯಂತ್ರ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತರಿಸಿದ ಸರಕು. ನಾನು ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ‘ಥ್ರೀ ಹೌಸಸ್’ ಕಾರ್ಟ್ರಿಡ್ಜನ್ನು ಕೊಂಡೆ. ಅದು ಯಾವ ದೇಶದ ಪ್ರತಿಯೆಂದು ಅವರು ಹೇಳಲಿಲ್ಲ, ಕೇಳಬೇಕೆಂಬುದು ನನಗೆ ಗೊತ್ತಿರಲಿಲ್ಲ. ಮುಂದೆ ಅದರ ಹೆಚ್ಚುವರಿ ಕಥೆಯನ್ನು ಬೇರೊಂದು ದೇಶದ ಆನ್‌ಲೈನ್ ಅಂಗಡಿಯಿಂದ ಕೊಂಡಾಗ ಎರಡೂ ಒಂದಕ್ಕೊಂದು ಹೊಂದಲಿಲ್ಲ, ಕೊಟ್ಟ ಹಣ ಹೋಯಿತು. ಕಾರ್ಟ್ರಿಡ್ಜ್ ಯಾವ ವಲಯದ್ದೋ ಆ ವಲಯದ ಅಂಗಡಿಯಿಂದಲೇ ಉಳಿದದ್ದನ್ನೂ ಕೊಳ್ಳಬೇಕು. ಇದಕ್ಕಿಂತ ದೊಡ್ಡ ನೋವು ಹಳೆಯ ಆಟಗಳದು. ಎರಡು ತಲೆಮಾರುಗಳ ಕಥೆ ಹೇಳುವ 1996ರ ಆಟ ಜಪಾನೀ ಭಾಷೆಯ ಹೊರಗೆ ಅಧಿಕೃತವಾಗಿ ಬಂದೇ ಇಲ್ಲ. ಖಡ್ಗ, ಕೊಡಲಿ, ಈಟಿಗಳ ಆ ತ್ರಿಕೋನ ನಿಯಮ ಮೊದಲು ಬಂದದ್ದು ಅದರಲ್ಲಿಯೇ. 1990ರ ಮೊದಲ ಆಟವನ್ನು 2020ರ ಡಿಸೆಂಬರ್‌ನಲ್ಲಿ ಇಂಗ್ಲಿಷಿನಲ್ಲಿ ಹೊರತಂದು, 2021ರ ಮಾರ್ಚ್ ಕೊನೆಗೆ ಮಾರಾಟವನ್ನೇ ನಿಲ್ಲಿಸಿದರು. ಮೂವತ್ತು ವರ್ಷ ಕಾದವರಿಗೆ ಕೊಟ್ಟದ್ದು ನಾಲ್ಕು ತಿಂಗಳಿಗಿಂತಲೂ ಕಡಿಮೆ ಅವಧಿ.

ಥ್ರೀ ಹೌಸಸ್ (2019) ಎಂಗೇಜ್‌ಗಿಂತ ಮೊದಲು ಬಂದದ್ದಾದರೂ ಅದರ ಬಗ್ಗೆ ಹೇಳಬೇಕಾದದ್ದು ಹೆಚ್ಚಿರುವುದರಿಂದ ಕೊನೆಗೆ ಇಟ್ಟುಕೊಂಡಿದ್ದೇನೆ. ಇದರಲ್ಲಿ ನಾವು ಒಂದು ಮಠದ ವಿದ್ಯಾಲಯದಲ್ಲಿ ಮೇಷ್ಟರು. ಎಡೆಲ್‌ಗಾರ್ಡ್, ದಿಮಿತ್ರಿ, ಕ್ಲಾಡ್ ಎಂಬ ಮೂವರು ಮುಂದಾಳುಗಳಿರುವ ಮೂರು ತರಗತಿಗಳಲ್ಲಿ ಒಂದನ್ನು ಆರಿಸಿಕೊಂಡು ವರ್ಷವಿಡೀ ಕಲಿಸುತ್ತೇವೆ. ಆಮೇಲೆ ಯುದ್ಧ ಶುರುವಾಗಿ, ಐದು ವರ್ಷ ಕಳೆದ ಮೇಲೆ, ಇತರ ತರಗತಿಗಳ ಅದೇ ಮಕ್ಕಳು ಎದುರು ಸೈನ್ಯದಲ್ಲಿ ನಿಲ್ಲುತ್ತಾರೆ. ಕುಂದುಗಳು ಇಲ್ಲದಿಲ್ಲ. ಬೇರೆ ತರಗತಿಯ ಕಥೆ ನೋಡಲು ಮತ್ತೆ ಆಡಿದರೆ ಮೊದಲರ್ಧದ ನಕ್ಷೆಗಳು ಹೆಚ್ಚುಪಾಲು ಅವೇ. ಮಠದಲ್ಲಿ ಕಳೆದುಹೋದ ಸಾಮಾನುಗಳನ್ನು ಹುಡುಕಿ ಕೊಡುವುದು, ಮೀನು ಹಿಡಿಯುವುದು, ಒಬ್ಬೊಬ್ಬರನ್ನೇ ಕರೆದು ಚಹಾ ಕುಡಿಸುವುದು ಮೊದಲ ಸಲ ಹಿತವಾಗಿರುತ್ತದೆ, ಮೂರನೇ ಸಲಕ್ಕೆ ಹೊರೆಯಾಗುತ್ತದೆ. ನಕ್ಷೆಗಳಲ್ಲಿ ಕಾಂಕ್ವೆಸ್ಟ್‌ನ ಜಾಣ್ಮೆ ಇಲ್ಲ.

ಆದರೆ ಗ್ರಾಂಡರ್ ಬಯಲಿದೆ. ಶಾಲೆಯ ವರ್ಷದಲ್ಲಿ ಮೂರೂ ತರಗತಿಗಳು ಅಲ್ಲಿ ಪಂದ್ಯಕ್ಕಾಗಿ ಅಣಕು ಯುದ್ಧ ಮಾಡುತ್ತವೆ. ಬಯಲಿನ ನಡುವೆ ಒಂದು ಗುಡ್ಡ, ಅದರ ಮೇಲೆ ದೂರಕ್ಕೆ ಬಾಣ ಎಸೆಯುವ ಯಂತ್ರ. ಎಡೆಲ್‌ಗಾರ್ಡ್‌ಳ ತರಗತಿಯ, ಕೋಣೆಯಿಂದ ಹೊರಗೆ ಬರಲೂ ಹೆದರುವ ಬರ್ನಡೆಟಾ ಅಲ್ಲಿ ನಿಂತಿರುತ್ತಾಳೆ. ಐದು ವರ್ಷದ ನಂತರ, ದಿಮಿತ್ರಿಯ ಅಥವಾ ಕ್ಲಾಡ್‌ನ ಕಥೆಯನ್ನು ಆಡುವವರಿಗೆ, ಅದೇ ಬಯಲು, ಅದೇ ಗುಡ್ಡ, ಅದೇ ಬರ್ನಡೆಟಾ; ಈ ಸಲ ಯುದ್ಧ ನಿಜವಾದದ್ದು. ನಾವು ಗುಡ್ಡವನ್ನು ಹಿಡಿಯಲು ಹೋದರೆ ಬರ್ನಡೆಟಾ ಮೇಲಿರುವಾಗಲೇ ಎಡೆಲ್‌ಗಾರ್ಡ್ ಗುಡ್ಡಕ್ಕೆ ಬೆಂಕಿ ಹಚ್ಚಿಸುತ್ತಾಳೆ. ಒಂದೇ ನಕ್ಷೆಯನ್ನು ಎರಡು ಸಲ ಬಳಸಿ ಇಷ್ಟು ಸಂಕಟ ಹುಟ್ಟಿಸಿದ ಆಟವನ್ನು ನಾನು ಬೇರೆ ಕಂಡಿಲ್ಲ. ಸಾವಿನ ಭಯ ಇಲ್ಲಿ ನಮ್ಮ ಸಾಲಿನಿಂದ ಎದುರಿನ ಸಾಲಿಗೆ ದಾಟಿದೆ.

2010ರ ಒಂದು ಆಟದಿಂದ ಈ ಸರಣಿಯಲ್ಲಿ ಎರಡು ಆಯ್ಕೆಗಳಿವೆ: ‘ಕ್ಲಾಸಿಕ್’ ಎಂದರೆ ಸತ್ತವರು ಬರುವುದಿಲ್ಲ, ‘ಕ್ಯಾಶುವಲ್’ ಎಂದರೆ ಸೋತವರು ಮುಂದಿನ ಅಧ್ಯಾಯಕ್ಕೆ ಮರಳುತ್ತಾರೆ. ನಾನು ಬಹಳ ವರ್ಷ ಕ್ಯಾಶುವಲ್ಲನ್ನು ಒಪ್ಪಿರಲಿಲ್ಲ. ಸೆರಾಳಿಗಾಗಿ ಎರಡು ಗಂಟೆ ಅಳಿಸಿದವರಿಗೆ ಅದು ಬೇಡವೆಂದು ವಾದಿಸುತ್ತಿದ್ದೆ. ತಂಗಿ ಈಗ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳ ತಾಯಿ. ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಥ್ರೀ ಹೌಸಸ್ ಆಡುತ್ತಾಳೆ, ಆಡುವುದು ಕ್ಯಾಶುವಲ್ಲನ್ನೇ. ಅದಿಲ್ಲದಿದ್ದರೆ ಅವಳು ಈ ಸರಣಿಗೆ ಮರಳುತ್ತಲೇ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ಅಣ್ಣ, ಆ ಗುಡ್ಡದ ಮೇಲಿನ ಹುಡುಗಿಯನ್ನು ಉಳಿಸಿಕೊಳ್ಳಲು ದಾರಿ ಇದೆಯೋ?” ಎಂದು ಕೇಳಿದಳು. ಇದೆ, ಆದರೆ ಶಾಲೆಯ ವರ್ಷದಲ್ಲೇ ಅವಳನ್ನು ನಿನ್ನ ತರಗತಿಗೆ ಸೇರಿಸಿಕೊಂಡಿರಬೇಕಿತ್ತು, ಅದಕ್ಕೆ ಮೇಷ್ಟರು ಬಿಲ್ಲುವಿದ್ಯೆಯಲ್ಲಿ ಪಳಗಿರಬೇಕು, ಇಲ್ಲವೇ ಅವಳ ಸ್ನೇಹ ಸಂಪಾದಿಸಿರಬೇಕು ಎಂದೆ. ಅವಳ ಆಟ ಆಗಲೇ ನಲವತ್ತು ಗಂಟೆ ದಾಟಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮೊದಲಿನಿಂದ ಶುರುಮಾಡುತ್ತೇನೆ ಎಂದಳು. ಈಗ ಅವಳ ಆಟದಲ್ಲಿ ಮೇಷ್ಟರು ವಾರವಾರವೂ ಬಿಲ್ಲನ್ನೇ ಅಭ್ಯಾಸ ಮಾಡುತ್ತಿದ್ದಾರೆ.